ಗುಡೇಮಾರನಹಳ್ಳಿಯ ಕಡೆ ಮನೆ ಕಟ್ಟುವಾಗ

ನೆಲಮಂಗಲವನ್ನು ದಾಟಿ ಕುಣಿಗಲ್ಲಿನತ್ತ ಸಾಗುವ ಹೆದ್ದಾರಿಯಲ್ಲಿ ಸೋಲೂರು ಸಮೀಪಿಸುವ ವೇಳೆಗೆ ರಾಜಧಾನಿಯ ಗದ್ದಲ ಹಿಂದೆ ಸರಿಯುತ್ತದೆ. ಕೆಮ್ಮಣ್ಣಿನ ಹೊಲ, ರಾಗಿಯ ಪೈರು, ನಡುನಡುವೆ ತಲೆಯೆತ್ತಿದ ಬೋಳುಬಂಡೆ. ಇದು ಮಾಗಡಿಯ ಸೀಮೆ. ಗುಡೇಮಾರನಹಳ್ಳಿ ಇರುವುದು ಇಲ್ಲಿಯೇ. 1226 ಮೀಟರ್ ಎತ್ತರದ ಸಾವನದುರ್ಗವೂ ಇದೇ ಸೀಮೆಯದು. ಮನೆಗೆ ಬೇಕಾದ ಕಲ್ಲಿಗೂ ಮಣ್ಣಿಗೂ ಇಲ್ಲಿ ಬಡತನವಿಲ್ಲ.

ಬಡತನವೇನಿದ್ದರೂ ಕೈಗಳಿಗೆ. ವಿಶ್ರಾಂತಿವೇತನದೊಡನೆ ಊರಿಗೆ ಮರಳುವ ಗೃಹಸ್ಥನಿಗೂ, ಎರಡೆಕರೆಯ ರೈತನಿಗೂ ಇಲ್ಲಿ ಒಂದೇ ಪ್ರಶ್ನೆ: ಕೂಲಿಯನ್ನು ಉಳಿಸಲು ತಾನೇ ಎಷ್ಟು ಕೆಲಸಕ್ಕೆ ಕೈಹಾಕಬಹುದು? ಸರ್ಕಾರವೂ ಇದಕ್ಕೊಂದು ಲೆಕ್ಕ ಕಟ್ಟಿತ್ತು. 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಕಂಟ್ರಾಕ್ಟರನಿಗೆ ಎಡೆಯಿರಲಿಲ್ಲ. ಬಯಲು ಪ್ರದೇಶದ ಒಂದು ಮನೆಗೆ 90 ದಿನಗಳ ಕೂಲಿಯನ್ನು ಉದ್ಯೋಗ ಖಾತರಿಯಿಂದ ಕೊಡುವುದೆಂದು ನಿಗದಿಯಾಗಿತ್ತು. ಆದರೆ ಅದು ಅಗೆಯುವ, ಹೊರುವ, ಕಲಸುವ ಕೂಲಿ. ತೂಗುಗುಂಡು ಹಿಡಿಯುವ ಮೇಸ್ತ್ರಿಯ ಕೆಲಸ ಅದರಲ್ಲಿ ಸೇರಿರಲಿಲ್ಲ. ಆ ಗೆರೆ ಸರಿಯಾದ ಸ್ಥಳದಲ್ಲಿಯೇ ಬಿದ್ದಿತ್ತೆನ್ನಬೇಕು.

ಕೆಟ್ಟರೆ ತಿದ್ದಬಹುದಾದ ಕೆಲಸಕ್ಕೆ ಮನೆಯವರು ಧಾರಾಳವಾಗಿ ಇಳಿಯಬಹುದು. ಮರಳು ಜರಡಿ ಹಿಡಿಯುವುದು, ಪಾಯದ ಮಣ್ಣೆತ್ತುವುದು, ಸುಣ್ಣ ಬಳಿಯುವುದು ಇಂಥವು. ಗೋಡೆಗೆ ನೀರುಣಿಸುವುದಂತೂ ಮನೆಯವರದೇ ಕೆಲಸ; ಕೂಲಿಯವನು ಸಂಜೆಗೆ ಮರೆತಾನು, ಮನೆಯೊಡತಿ ಮರೆಯಲಾರಳು. ಆದರೆ ಮೂಲೆಯ ಮಟ್ಟ, ಬಾಗಿಲ ಮೇಲಣ ತೊಲೆ, ತಾರಸಿಯ ಕಬ್ಬಿಣ, ವಿದ್ಯುತ್ತಿನ ತಂತಿ, ಇವುಗಳಲ್ಲಿ ನುಸುಳಿದ ತಪ್ಪು ಗಾರೆಯ ಹಿಂದೆ ಅಡಗಿ ಕುಳಿತು ವರ್ಷಗಳಾದ ಮೇಲೆ ಬಿರುಕಾಗಿ ಬಾಯ್ದೆರೆಯುತ್ತದೆ. ಅಲ್ಲಿ ಉಳಿಸಿದ ಕೂಲಿ ಉಳಿತಾಯವಲ್ಲ.

ನಡುವೆ ಇನ್ನೊಂದು ದಾರಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡವು ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಯ ಕೆಲಸ ಕೈಗೊಂಡಿತು. ಪ್ರೊ. ಕೆ. ಎಸ್. ಜಗದೀಶ್ ಮೊದಲಾದವರು ಬೆಳೆಸಿದ ವಿದ್ಯೆಯಲ್ಲಿ, ಮರಳು ಬೆರೆತ ಕೆಮ್ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಸೇರಿಸಿ ಕೈಯಂತ್ರದಲ್ಲಿ ಒತ್ತಿದರೆ ಇಟ್ಟಿಗೆ ಸಿದ್ಧ. ಸುಡಲು ಸೌದೆ ಬೇಡ. ಮೂರು ವಾರ ಒದ್ದೆಯಾಗಿಟ್ಟು ನೆರಳಲ್ಲಿ ಹದಗೊಳಿಸುವ ತಾಳ್ಮೆಯೊಂದು ಬೇಕು. ಇಟ್ಟಿಗೆ ಕೆಟ್ಟರೆ ಗೋಡೆಗೇರುವ ಮೊದಲೇ ಬದಿಗೆ ಸರಿಸಬಹುದು. ಬಿಸಿಲಿನಲ್ಲಿ ಆ ಯಂತ್ರದ ಸನ್ನೆ ಎಳೆಯುವುದು ಮಾತ್ರ ಕಚೇರಿಯ ಕುರ್ಚಿಗೆ ಒಗ್ಗಿದ ಬೆನ್ನಿಗೆ ಹಗುರವಲ್ಲ!

ಹಿಂದಿನವರಿಗೆ ಮುಯ್ಯಾಳಿನ ನೆರವಿತ್ತು. ಆದರೆ ಮುಯ್ಯಿ ಎಂದರೆ ಸಾಲ. ಇಂದು ತನ್ನ ಗೋಡೆಗೆ ಬಂದವನ ಹೊಲಕ್ಕೆ ನಾಳೆ ತಾನು ಹೋಗಲೇಬೇಕು. ಆದುದರಿಂದ ರಾಗಿಯ ಒಕ್ಕಣೆ ಮುಗಿದು ಮುಂಗಾರು ಕಾಲಿಡುವವರೆಗಿನ ತಿಂಗಳುಗಳೇ ಮನೆಗೆಲಸಕ್ಕೆ ಒದಗುವ ಬಿಡುವು. ಕೈಗಳು ಬಿಡುವಾಗಿರುವ ಆ ಬೇಸಗೆಯಲ್ಲಿಯೇ ಕೊಳವೆಬಾವಿಗಳೂ ಸೊರಗುತ್ತವೆ. ಬೆಳಿಗ್ಗೆ ತುಂಬಿಟ್ಟ ತೊಟ್ಟಿಯಲ್ಲಿ ಅಡಿಗೆಗೆಷ್ಟು, ದನಕ್ಕೆಷ್ಟು, ಹಸಿಗೋಡೆಗೆಷ್ಟು ಎಂದು ಮನೆಯೊಡತಿ ಎಣಿಸಿ ಕೊಡವನ್ನು ಮುಳುಗಿಸಬೇಕಾಗುತ್ತದೆ.