ರಾಯಚೂರಿನ ಬಿಸಿಲಿನಲ್ಲಿ ಹಿತ್ತಲ ಹಸಿರು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ದೊಡ್ಡ ಹೊಳೆಗಳ ನಡುವಿನ ಎಡೆದೊರೆ ನಾಡು ರಾಯಚೂರು. ಆದರೂ ಬೇಸಿಗೆ ಬಂತೆಂದರೆ ಇಲ್ಲಿನ ಓಣಿಗಳಲ್ಲಿ ಮೊದಲು ಕೇಳಿಬರುವುದು ನೀರಿನ ಮಾತೇ. 1294ರಲ್ಲಿ ಕಟ್ಟಿದ್ದೆಂದು ಶಾಸನ ಹೇಳುವ ಕೋಟೆಯ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು, ಇರುಳೆಲ್ಲ ಕಾವು ಬಿಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಇಂಥ ಊರಿನಲ್ಲೂ ಮನೆಯ ಹಿಂದಿನ ಸಣ್ಣ ಜಾಗದಲ್ಲಿ ಹೀರೆಯ ಬಳ್ಳಿ ಚಪ್ಪರ ಹಬ್ಬಿರುತ್ತದೆ, ದುಂಡು ಮಲ್ಲಿಗೆ ಮೊಗ್ಗು ಬಿಟ್ಟಿರುತ್ತದೆ. ಇದು ಹೇಗೆ ಸಾಧ್ಯ?

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಕುಡಿಯುವ ನೀರಿಗೇ ತತ್ವಾರವಾದಾಗ ಗಿಡಕ್ಕೆ ನೀರು ಹಾಕುವುದು ಸರಿಯೇ? ನಳದ ಮುಂದೆ ಕೊಡಗಳ ಸಾಲು ನಿಂತಿರುವಾಗ ಹೂವಿನ ಗಿಡಕ್ಕೆ ಕೊಳವೆ ಹಿಡಿದವರನ್ನು ಓಣಿಯ ಜನ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದ್ದರಿಂದ ಬೇಸಿಗೆಯ ಹಿತ್ತಲ ಬೇಸಾಯ ಲೆಕ್ಕದಿಂದಲೇ ಆರಂಭವಾಗಬೇಕು.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಒಣಗಾಳಿ ಬೀಸುವ ಕಡುಬೇಸಿಗೆಯ ದಿನ ತೆರೆದ ಪಾತ್ರೆಯಿಂದ 8ರಿಂದ 10 ಮಿ.ಮೀ. ನೀರು ಆವಿಯಾಗಬಹುದು. ತೋಯಿಸಿ ಬಿಟ್ಟ ಮಡಿಯ ಪಾಡೂ ಹೆಚ್ಚುಕಡಿಮೆ ಅದೇ. ನಾಲ್ಕು ಚದರ ಮೀಟರಿನ ಮಡಿಯಾದರೆ ದಿನಕ್ಕೆ 32ರಿಂದ 40 ಲೀಟರ್, ಅಂದರೆ 15 ಲೀಟರಿನ ಎರಡೂವರೆ ಕೊಡ! ಅಷ್ಟು ನೀರು ಹೊರುವವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ, ಇಲ್ಲವೇ ರಜೆಯಲ್ಲಿರುವ ಮಗಳು. ಉಳಿಸಿದ ಒಂದೊಂದು ಲೀಟರೂ ಅವರ ಸೊಂಟದ ಭಾರವನ್ನು ಇಳಿಸಿದಂತೆ.

ನೀರುಳಿಸುವ ಮೊದಲ ಉಪಾಯ ಗಿಡಗಳ ಆಯ್ಕೆ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೇಟೊ ಗಿಡದ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಎಷ್ಟು ಕೊಡ ಸುರಿದರೂ ಕಾಯಿ ಕಚ್ಚುವುದು ಕಡಿಮೆ. ಅದನ್ನು ಮೇ ತಿಂಗಳಲ್ಲಿ ಕೈಬಿಡುವುದೇ ಜಾಣತನ. ಬೆಂಡೆ, ಚವಳಿ, ಹೀರೆ, ಪುಂಡಿಪಲ್ಲೆ ಬಿಸಿಲಿಗೆ ಒಗ್ಗಿದವು. ರಾಜಗಿರಿ ಸೊಪ್ಪಂತೂ ಜೋಳದ ಬಳಗಕ್ಕೆ ಸೇರುವ ರೀತಿಯಲ್ಲಿ ದ್ಯುತಿಸಂಶ್ಲೇಷಣೆ ನಡೆಸುತ್ತದೆ. ವಿಜ್ಞಾನಿಗಳು ಇದನ್ನು ಸಿ-4 ವಿಧಾನ ಎನ್ನುತ್ತಾರೆ. ಇಂಥ ಸಸ್ಯಗಳು ಪತ್ರರಂಧ್ರಗಳನ್ನು ಹೆಚ್ಚು ತೆರೆಯದೆಯೇ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳಬಲ್ಲವು. ಆದ್ದರಿಂದ ಕಡಿಮೆ ನೀರಿನಲ್ಲೇ ಹೆಚ್ಚು ಸೊಪ್ಪು. ಹೂಗಳಲ್ಲಿ ದುಂಡು ಮಲ್ಲಿಗೆಗೆ ಬಿಸಿಲೇ ಬೇಕು. ಕನಕಾಂಬರಕ್ಕೆ ಮಾತ್ರ ಪಡುವಣ ಬಿಸಿಲು ತಾಗದಂತೆ ಅರೆನೆರಳು ಕೊಟ್ಟರೆ ಒಳ್ಳೆಯದು.

ಎರಡನೆಯದು ಗಿಡದ ಭಾಷೆ ಅರಿಯುವುದು. ಮಧ್ಯಾಹ್ನ ಹೀರೆ, ಸೋರೆಯ ಎಲೆಗಳು ಜೋತುಬಿದ್ದದ್ದನ್ನು ಕಂಡು ರಜೆಗೆ ಬಂದ ಮೊಮ್ಮಗ, "ಅಜ್ಜೀ, ಬಳ್ಳಿ ಸತ್ತೇ ಹೋತು" ಎಂದು ಕೊಡ ಎತ್ತಲು ಓಡುತ್ತಾನೆ. "ತಡಿಯೋ ತಮ್ಮಾ, ಸಂಜಿಗೆ ತಾನೇ ಏಳತೈತಿ" ಎನ್ನುತ್ತಾಳೆ ಅಜ್ಜಿ. ಅಜ್ಜಿಯ ಮಾತಿನಲ್ಲಿ ವಿಜ್ಞಾನವಿದೆ. ಬೇರು ಹೀರುವುದಕ್ಕಿಂತ ಎಲೆ ಬೇಗ ನೀರು ಬಿಟ್ಟಾಗ ಹೀಗೆ ತಾತ್ಕಾಲಿಕವಾಗಿ ಬಾಡುತ್ತದೆ. ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೂ ಸುಮಾರು 580 ಕ್ಯಾಲರಿ ಶಾಖ ಹೊತ್ತೊಯ್ಯುವುದರಿಂದ ಎಲೆಯೂ ತಂಪಾಗುತ್ತದೆ. ಬೆಳಗಿನ ಜಾವಕ್ಕೂ ಎಲೆ ಜೋತೇ ಇದ್ದರೆ ಮಾತ್ರ ಅದು ನಿಜವಾದ ಬಾಯಾರಿಕೆ.

ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಮಸೂರದಂತೆ ಬಿಸಿಲು ಕೇಂದ್ರೀಕರಿಸಿ ಎಲೆ ಸುಡುತ್ತವೆ ಎಂಬ ನಂಬಿಕೆ ಪಠ್ಯದಷ್ಟೇ ಹಳೆಯದು. ಹಂಗರಿಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ನುಣುಪಾದ ಎಲೆಯ ಮೇಲಿನ ಹನಿ ಎಲೆಯನ್ನು ಸುಡುವುದಿಲ್ಲ. ಸಣ್ಣ ರೋಮಗಳು ಹನಿಯನ್ನು ಎಲೆಯಿಂದ ಮೇಲೆತ್ತಿ ಹಿಡಿದಾಗಷ್ಟೇ ಆ ಸಾಧ್ಯತೆ. ಆದರೂ ಮಧ್ಯಾಹ್ನ ನೀರು ಬೇಡ. ಒಂದಷ್ಟು ಆವಿಯಾಗಿ ಹೋಗುತ್ತದೆ, ಮಾಳಿಗೆಯ ಟ್ಯಾಂಕಿನ ನೀರಂತೂ ಕೈ ಸುಡುವಷ್ಟು ಕಾದಿರುತ್ತದೆ. ಬೆಳಗಿನ ಜಾವವೇ ಸರಿಯಾದ ಹೊತ್ತು.

ಇನ್ನು ಮಣ್ಣು. ಇಲ್ಲಿನ ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಬೇರು ಹರಿಯುತ್ತದೆ, ಆಳದ ತೇವವೂ ಹಾರಿಹೋಗುತ್ತದೆ. ಮೇಲ್ಮಣ್ಣನ್ನು ಹಗುರವಾಗಿ ಕೆದಕಿ ಬಿರುಕು ಮುಚ್ಚಿ, ಮೇಲೆ ಜೋಳದ ದಂಟು, ಶೇಂಗಾ ಸಿಪ್ಪೆ ಅಥವಾ ಒಣ ಎಲೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಬೇಕು. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಗಿಡಕ್ಕೆ ಒಳ್ಳೆಯದೇ. ಸೋಪಿನ ಪುಡಿಯಲ್ಲಿ ಬಟ್ಟೆ ಒಗೆದ ನೀರು ಮಾತ್ರ ಬೇಡ. ಅದರಲ್ಲಿನ ಸೋಡಿಯಂ ಎರೆಮಣ್ಣಿನ ಕಣಗಳನ್ನು ಕದಡಿ ಮಣ್ಣನ್ನು ಗಟ್ಟಿ ಮಾಡುತ್ತದೆ.

ಬಳ್ಳಿ ತರಕಾರಿಗೆ ಕುಂಬಾರರ ಗಡಿಗೆಗಿಂತ ಅಗ್ಗದ ಯಂತ್ರವಿಲ್ಲ. ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟು, ಸುತ್ತ ಬೀಜ ಊರಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುತ್ತದೆ, ಮಣ್ಣು ತೋಯ್ದರೆ ಜಿನುಗುವುದು ನಿಧಾನವಾಗುತ್ತದೆ. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದ ಕೃಷಿ ಗ್ರಂಥವೊಂದರಲ್ಲೇ ಈ ವಿಧಾನದ ವಿವರವಿದೆ. ಬೋರಿನ ಗಡಸು ನೀರಾದರೆ ಲವಣ ಕಟ್ಟಿ ರಂಧ್ರಗಳು ಮುಚ್ಚುತ್ತವೆ. ಆಗ ಗಡಿಗೆ ಬದಲಿಸಬೇಕು.

ವಿದ್ಯಾರ್ಥಿಗಳು ರಜೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಕುಂಡಗಳಲ್ಲಿ ಸಮನಾಗಿ ಮಣ್ಣು, ನೀರು ಹಾಕಿ, ಒಂದಕ್ಕೆ ಮಾತ್ರ ದಂಟಿನ ಹೊದಿಕೆ ಹಾಕಿ ತೂಗಿಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿ. ಕಡಿಮೆಯಾದ ತೂಕವೇ ಹಾರಿಹೋದ ನೀರು. ಗ್ರಾಮುಗಳನ್ನು ಮಿಲಿಲೀಟರಿಗೆ ತಿರುಗಿಸಿ, ನಿಮ್ಮ ಮಡಿಯ ಅಳತೆಗೆ ಗುಣಿಸಿದರೆ ತಾಯಿ ಹೊರಬೇಕಾಗಿದ್ದ ಕೊಡಗಳ ಲೆಕ್ಕ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಗಿಡ ಸಾಯುತ್ತವೆ. ಅದಕ್ಕಾಗಿಯೇ ಹಿತ್ತಲಿನ ಹಿರಿಯರು ಚಪ್ಪರದಲ್ಲಿ ಒಂದೆರಡು ಹೀರೆಕಾಯಿಯನ್ನು ಕೊಯ್ಯದೆ ಬೀಜಕ್ಕೆ ಬಿಡುತ್ತಾರೆ. ಎಲೆ ಒಣಗಿಸುವ ಅದೇ ಬಿಸಿಲು ಬೀಜವನ್ನೂ ಗಟಗಟ ಒಣಗಿಸುತ್ತದೆ. ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಟ್ಟರೆ ಹುಳ ಹತ್ತುವುದಿಲ್ಲ. ಮೇ ಕೊನೆಗೆ ರೋಹಿಣಿ, ಜೂನ್ ಮೊದಲ ವಾರ ಕಳೆದರೆ ಮಿರಗ. ಮಳೆಯ ಮೊದಲ ಹದಕ್ಕೆ ಆ ಗಡಿಗೆಯ ಬಾಯಿ ಬಿಚ್ಚಿದರಾಯಿತು.