ಮೊಲಣ್ಣ ಹೋದ, ಟಿಯಾನಾ ಬಂದಳು

ಬಾಲ್ಯದಲ್ಲಿ ಕಿರುಚಿ ನಕ್ಕ ಜಾಗವನ್ನು ಯಾರಾದರೂ ಬದಲಾಯಿಸಿದರೆ ಎಂಥವರಿಗೂ ಮನಸ್ಸು ಮುದುಡುತ್ತದೆ. ಅದಕ್ಕೆ ನ್ಯಾಯವಾದ ಕಾರಣವಿದ್ದರಂತೂ ಬೇಸರವನ್ನು ಬಾಯಿಬಿಟ್ಟು ಹೇಳಲೂ ಸಂಕೋಚ. ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿದ್ದ ‘ಸ್ಪ್ಲಾಶ್ ಮೌಂಟನ್’ ಎಂಬ ದೋಣಿಯಾಟದ ಅಭಿಮಾನಿಗಳಿಗೆ ಒದಗಿದ್ದು ಇದೇ ಇಕ್ಕಟ್ಟು.

ಈ ಆಟ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1992ರಲ್ಲಿ ಫ್ಲಾರಿಡಾ ಮತ್ತು ಟೋಕಿಯೊದಲ್ಲಿ ಆರಂಭವಾಯಿತು. ಮರದ ದಿಮ್ಮಿಯಂಥ ದೋಣಿ ಕೃತಕ ಬೆಟ್ಟದೊಳಗೆ ತೇಲುತ್ತದೆ. ಇಕ್ಕೆಲದಲ್ಲೂ ಹಾಡುವ ಯಂತ್ರಪ್ರಾಣಿಗಳು. ನರಿಯ ಕೈಗೆ ಸಿಕ್ಕಿಬಿದ್ದ ಮೊಲ, ‘ಏನು ಬೇಕಾದರೂ ಮಾಡು, ಮುಳ್ಳಿನ ಪೊದೆಗೆ ಮಾತ್ರ ಎಸೆಯಬೇಡ’ ಎಂದು ಗೋಗರೆಯುತ್ತದೆ. ನರಿ ಮೋಸಹೋಗಿ ಅಲ್ಲಿಗೇ ಎಸೆಯುತ್ತದೆ. ಪೊದೆಯೇ ಮೊಲದ ಮನೆ! ಅದೇ ಹೊತ್ತಿಗೆ ದೋಣಿಯೂ ಸುಮಾರು 50 ಅಡಿ ಕೆಳಗೆ ಧುಮುಕಿ ಎಲ್ಲರನ್ನೂ ತೋಯಿಸುತ್ತದೆ. ಮಕ್ಕಳಿಗೆ ಇನ್ನೇನು ಬೇಕು?

ಆದರೆ ಈ ಪ್ರಾಣಿಗಳು ಬಂದದ್ದು 1946ರ ‘ಸಾಂಗ್ ಆಫ್ ದಿ ಸೌತ್’ ಎಂಬ ಚಿತ್ರದಿಂದ. ಗುಲಾಮಗಿರಿ ಕಂಡ ತೋಟಗಳ ಬದುಕನ್ನು ಅದು ಹಾಡು, ನಗೆ, ಅಕ್ಕರೆಯ ಲೋಕವೆಂಬಂತೆ ತೋರಿಸಿತು. ಕಪ್ಪು ಜನರ ಸಂಘಟನೆಗಳು ಆಗಲೇ ಪ್ರತಿಭಟಿಸಿದವು. ಚಿತ್ರದಲ್ಲಿ ಕಥೆ ಹೇಳುವ ಅಂಕಲ್ ರೀಮಸ್ ಪಾತ್ರ ವಹಿಸಿದ ಜೇಮ್ಸ್ ಬ್ಯಾಸ್ಕೆಟ್, ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಹೋಗಲಾಗಲಿಲ್ಲ. ಅಲ್ಲಿ ಬಿಳಿಯರೊಂದಿಗೆ ಕಪ್ಪು ಜನ ಬೆರೆಯುವಂತಿರಲಿಲ್ಲ. 1948ರಲ್ಲಿ ಆತನಿಗೆ ವಿಶೇಷ ಆಸ್ಕರ್ ಗೌರವ ಸಂದಿತು; ಅದೇ ವರ್ಷ ಆತ ತೀರಿಕೊಂಡ.

ಆಟವನ್ನು ಕಟ್ಟಿದವರಿಗೆ ಇದರ ಅರಿವಿರಲಿಲ್ಲವೆನ್ನುವಂತಿಲ್ಲ. ಅಂಕಲ್ ರೀಮಸ್‌ನನ್ನು ಅವರು ಕೈಬಿಟ್ಟರು. ಮೊಲ ಅಂಟಿಕೊಳ್ಳುವ ಟಾರಿನ ಗೊಂಬೆಯ ಬದಲು ಜೇನು ಇಟ್ಟರು. ಆದರೂ ಬೇರು ಹಾಗೆಯೇ ಉಳಿಯಿತು. ಕೊನೆಗೆ 2020ರ ಜೂನ್‌ನಲ್ಲಿ, ವರ್ಣಭೇದದ ವಿರುದ್ಧ ಅಮೆರಿಕವೇ ಬೀದಿಗಿಳಿದಿದ್ದಾಗ, ಆಟವನ್ನು ಬದಲಿಸುವುದಾಗಿ ಕಂಪನಿ ಪ್ರಕಟಿಸಿತು. 2023ರಲ್ಲಿ ಅಮೆರಿಕದ ಎರಡೂ ಕಡೆ ಹಳೆಯ ದೋಣಿಗಳು ನಿಂತವು. 2024ರಲ್ಲಿ ಅದೇ ನೀರು, ಅದೇ ಧುಮುಕು, ಕಥೆ ಮಾತ್ರ ಹೊಸದು: 2009ರ ‘ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್’ ಚಿತ್ರದ ಟಿಯಾನಾ ಅಲ್ಲಿಗೆ ಬಂದಳು. ಸ್ವಂತ ದುಡಿಮೆಯಿಂದ ಹೋಟೆಲು ತೆರೆಯುವ ಕನಸು ಕಂಡ ಈಕೆ ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ. ತನ್ನಂತೆಯೇ ಇರುವ ನಾಯಕಿಯನ್ನು ಕಂಡು ಹಿಗ್ಗುವ ಹುಡುಗಿಯ ಮುಂದೆ ಹಳಬರ ಬೇಸರ ದೊಡ್ಡದಲ್ಲ.

ಹಾಗಾದರೆ ಲೆಕ್ಕ ಚುಕ್ತಾ ಆಯಿತೇ? ಇಲ್ಲ. ಆ ಮೊಲ ಹುಟ್ಟಿದ್ದು ಸಿನಿಮಾದಲ್ಲಲ್ಲ. ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತ, ಹುಡುಗನಾಗಿದ್ದಾಗ ಜಾರ್ಜಿಯಾದ ತೋಟವೊಂದರಲ್ಲಿ ಗುಲಾಮರ ಬಾಯಿಂದ ಕೇಳಿದ್ದ ಕಥೆಗಳನ್ನು 1880ರಲ್ಲಿ ಪುಸ್ತಕ ಮಾಡಿದ. ಅವುಗಳಲ್ಲಿ ಅನೇಕವು ಆಫ್ರಿಕದಿಂದ ಬಂದವು. ಸಿಂಹವನ್ನು ಬಾವಿಗೆ ಕೆಡವಿದ ಪಂಚತಂತ್ರದ ಮೊಲವನ್ನು ಬಲ್ಲ ಕನ್ನಡದ ಮಕ್ಕಳಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಬಲವಿಲ್ಲದವನು ಬುದ್ಧಿಯಿಂದ ಒಡೆಯನನ್ನು ಗೆಲ್ಲುವ ಕಥೆಯದು. ಚಾವಟಿಯ ಕೆಳಗಿದ್ದವರು ತಮ್ಮ ಮಕ್ಕಳಿಗೆ ಕೊಟ್ಟ ಧೈರ್ಯ. ಸುಳ್ಳು ಚಿತ್ರದ ಜೊತೆಗೆ ಆ ನಿಜವಾದ ಮೊಲವೂ ಬೆಟ್ಟದಿಂದ ಇಳಿದುಹೋಯಿತಲ್ಲ ಎಂಬುದೇ ಉಳಿಯುವ ಕೊರಗು.

ಟೋಕಿಯೊದಲ್ಲಿ ಮಾತ್ರ, ಅಮೆರಿಕದ ಬದಲಾವಣೆಯ ನಂತರವೂ, ಹಳೆಯ ದೋಣಿ ಓಡಿತು. ಆದರೆ ಆ ಕಥೆಗಳಿಗೆ ದೋಣಿ, ಬೆಟ್ಟ, ಟಿಕೆಟ್ಟು ಯಾವುದೂ ಬೇಡ. ಯಾರು ಕಟ್ಟಿದ ಕಥೆ, ಯಾರು ಅದನ್ನು ತಿರುಚಿದರು ಎಂಬುದನ್ನೂ ಸೇರಿಸಿ ಹೇಳುವ ಹಿರಿಯರಿದ್ದರೆ ಸಾಕು, ಮೊಲ ಮತ್ತೆ ತನ್ನ ಪೊದೆ ಸೇರುತ್ತದೆ.