ಕೈ ಬಿಗಿಯಾದಾಗಿನ ರುಚಿ

ಬಸ್ಸಾರನ್ನು ಮೊದಲು ಮಾಡಿದ ಪುಣ್ಯಾತಿಗಿತ್ತಿ ಯಾರೋ, ಆಕೆ ಅದನ್ನು ತಿಂಗಳ ಮೊದಲ ವಾರದಲ್ಲಂತೂ ಮಾಡಿರಲಾರಳು. ಡಬ್ಬದ ತಳದಲ್ಲಿ ಹಿಡಿಯಷ್ಟು ಅಲಸಂದೆ ಕಾಳು, ಹಿತ್ತಿಲಲ್ಲಿ ಒಂದಿಷ್ಟು ದಂಟಿನ ಸೊಪ್ಪು, ಎದುರಿಗೆ ಸಾಲಾಗಿ ಕೂತ ಮಕ್ಕಳು. ಎರಡನ್ನೂ ಒಟ್ಟಿಗೆ ಬೇಯಿಸಿ ಕಟ್ಟು ಬಸಿದಳು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಚೂರು ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಬೆಂದದ್ದರಲ್ಲೇ ಒಂದು ಹಿಡಿ, ಎಲ್ಲವನ್ನೂ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದಳು. ಅದು ಸಾರಾಯಿತು. ಉಳಿದ ಸೊಪ್ಪು ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಬಿದ್ದು ಪಲ್ಯವಾಯಿತು. ಬೇಯಿಸಿದ್ದು ಒಂದೇ ಸಲ, ತಟ್ಟೆಗೆ ಬಂದದ್ದು ಎರಡು ಪದಾರ್ಥ. ಇನ್ನು ಮಾರನೆಯ ದಿನ ಅದೇ ಸಾರನ್ನು ಕುದಿಸಿ ಕುದಿಸಿ ಗಟ್ಟಿಯಾದ ಮೇಲೆ ಬಿಸಿ ಮುದ್ದೆಯ ತುತ್ತು ಅದರಲ್ಲಿ ಹೊರಳಿಸಿ ನುಂಗುವ ಸುಖವಿದೆಯಲ್ಲ, ಅದನ್ನು ಬರೆಯಲು ಹೋಗಬಾರದು, ಉಣ್ಣಬೇಕು.

ನನಗೆ ಇದೆಲ್ಲ ಹೊಳೆದದ್ದು 2020ರ ಬೇಸಿಗೆಯಲ್ಲಿ. ಲಾಕ್‌ಡೌನ್ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ನಮ್ಮವರ ಸಂಬಳಕ್ಕೆ ಕತ್ತರಿ ಬಿತ್ತು. ಮನೆ ಸಾಲದ ಕಂತು ಮಾತ್ರ ತನ್ನ ಗತ್ತು ಬಿಡಲಿಲ್ಲ. ಅಲ್ಲಿಯವರೆಗೆ ನಮ್ಮ ಅಡುಗೆಮನೆ ಅರ್ಧ ಒಲೆಯ ಮೇಲೆ, ಅರ್ಧ ಮೊಬೈಲಿನಲ್ಲಿ ಇತ್ತು. ಮೊಬೈಲಿನ ಅರ್ಧವನ್ನು ಮುಚ್ಚಿದೆವು. ಆಗ ಅಧಿಕಾರಕ್ಕೆ ಬಂದವರು ನಮ್ಮತ್ತೆ.

"ಹೀರೇಕಾಯಿ ಸಿಪ್ಪೆ ಎಸೀಬೇಡ ಕಣೇ, ಅದರಲ್ಲೊಂದು ಹೊತ್ತಿನ ಚಟ್ನಿ ಐತೆ" ಎಂದು ಅವರು ಮೊದಲ ಆಜ್ಞೆ ಹೊರಡಿಸಿದರು. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಮೆಣಸಿನಕಾಯಿ, ಹುಣಸೆಯ ಜೊತೆ ತರಿತರಿಯಾಗಿ ರುಬ್ಬಿದ ಆ ಚಟ್ನಿಯ ಮುಂದೆ ತಿರುಳು ಹಾಕಿದ ಹುಳಿ ಸಪ್ಪೆ ಎನಿಸಿತು. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿಸಿಕೊಂಡು ದೋಸೆಯಾಯಿತು. ಬಾಲ್ಕನಿಯ ಕುಂಡದಲ್ಲಿ ಯಾರ ಲೆಕ್ಕಕ್ಕೂ ಇಲ್ಲದೆ ಬೆಳೆದಿದ್ದ ದೊಡ್ಡಪತ್ರೆ, ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿ, ಕಾಯಿಯ ಜೊತೆ ನುಣ್ಣಗಾಗಿ, ಮಜ್ಜಿಗೆ ಸೇರಿ ತಂಬುಳಿಯಾಯಿತು. ಸುಡುವ ಮಧ್ಯಾಹ್ನದಲ್ಲಿ ಅನ್ನಕ್ಕೆ ಆ ತಂಬುಳಿ ಕಲಸಿ ಉಂಡವರಿಗೆ ಎದ್ದು ಹೋಗಲು ಮನಸ್ಸೇ ಬರುತ್ತಿರಲಿಲ್ಲ.

ಆದರೆ ಸುಖವೆಲ್ಲ ನಾಲಿಗೆಯದ್ದೇ ಎಂದರೆ ಸುಳ್ಳಾಗುತ್ತದೆ. ಸಂಜೆ ನಡುಮನೆಯಲ್ಲಿ ಹಳೆಯ ಪೇಪರು ಹಾಸಿ ಸೊಪ್ಪು ಬಿಡಿಸಲು ಕೂರುತ್ತಿದ್ದೆವು. ಕೀರೆ ಯಾವುದು, ದಂಟು ಯಾವುದು ತಿಳಿಯದ ನಮ್ಮವರು ಮೊದಮೊದಲು ಎಲೆ ಬಿಸಾಕಿ ಕಡ್ಡಿ ಇಟ್ಟುಕೊಳ್ಳುತ್ತಿದ್ದರು. ಅವಸರವಿಲ್ಲದ ಕೈಗಳಿರುವಲ್ಲಿ ಮಾತು ತಾನಾಗಿ ಹುಟ್ಟುತ್ತದೆ. ಹಾಗೆ ಹುಟ್ಟಿದ ಮಾತಿನಲ್ಲೇ ಅತ್ತೆಯ 1965 ಹೊರಬಂತು. ಆಗ ಅವರಿಗೆ ಹತ್ತು ಹನ್ನೆರಡು ವಯಸ್ಸು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಮಳೆಯಿಲ್ಲ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ದೇಶವನ್ನು ಕೇಳಿಕೊಂಡಿದ್ದರು. ಸೋಮವಾರ ಸಂಜೆ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿಕೊಂಡವು. ಪಿ.ಎಲ್. 480 ಕರಾರಿನಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ ರೇಷನ್ ಅಂಗಡಿಗೆ ಬಂದಾಗ, ರಾಗಿ ಮುದ್ದೆ ಕಟ್ಟಿದ ಕೈಗಳಿಗೆ ಚಪಾತಿ ಒಗ್ಗಲಿಲ್ಲ. "ನಮ್ಮವ್ವ ಲಟ್ಟಿಸಿದ್ದು ಒಂದೊಂದೂ ಒಂದೊಂದು ದೇಶದ ನಕ್ಷೆ" ಎಂದು ಅತ್ತೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕೊನೆಗೆ ಆ ಗೋಧಿಯನ್ನು ನುಚ್ಚು ಮಾಡಿಸಿ ಬೆಲ್ಲ ಹಾಕಿ ಪಾಯಸ ಮಾಡಿದರಂತೆ. ಅಲ್ಲಿಂದ ಅದು ಅವರ ಮನೆಯ ಹಬ್ಬದ ಅಡುಗೆಯಾಗಿಬಿಟ್ಟಿತು.

ಬರಗಾಲ ಬಿಟ್ಟುಹೋದದ್ದನ್ನು ನಾವು ಹಬ್ಬಕ್ಕೆ ಎತ್ತಿಕೊಳ್ಳುವುದು ಹೊಸತೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾ ಹಿಡಿದು ಅಲ್ಲಿನ ಅಕ್ಕಿ ನಿಂತಾಗ, ಇಡ್ಲಿಗೆ ಅಕ್ಕಿಯಿಲ್ಲದೆ ರವೆಯಲ್ಲಿ ಪ್ರಯೋಗ ಮಾಡಿದೆವು ಎಂದು ಮಾವಳ್ಳಿ ಟಿಫಿನ್ ರೂಮ್ಸ್‌ನವರು, ಅಂದರೆ ನಮ್ಮ ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ಇಂದು ಲಾಲ್‌ಬಾಗ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಜನ ಅದೇ ರವೆ ಇಡ್ಲಿಗೆ, ಅದರ ಪಕ್ಕದ ಸಾಗುವಿಗೆ, ಪುಟ್ಟ ಬಟ್ಟಲಿನ ತುಪ್ಪಕ್ಕೆ ಕಾದು ನಿಲ್ಲುತ್ತಾರೆ. ಯುದ್ಧದ ನೆನಪು ಯಾರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ.

ಇಷ್ಟು ಹೇಳಿ ಬಡತನಕ್ಕೆ ಆರತಿ ಎತ್ತುವವಳು ನಾನಲ್ಲ. ನಮ್ಮದು ಕೈ ಬಿಗಿಯಾದ ಸಂಸಾರ, ಕೈ ಬರಿದಾದದ್ದಲ್ಲ. ಅಕ್ಕಿ ಡಬ್ಬದಲ್ಲಿ ಅಕ್ಕಿ ಇತ್ತು, ಅದಕ್ಕೇ ಸಿಪ್ಪೆಯ ಚಟ್ನಿ ರುಚಿಸಿತು. ಸಿಪ್ಪೆಯೂ ಇಲ್ಲದವರ ಮುಂದೆ ಸರಳ ಬದುಕಿನ ಸೊಗಸು ಹೇಳುವುದು ಅಸಹ್ಯ. ಆ ದಿನಗಳಲ್ಲಿ ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದವರು ಅದಕ್ಕೆ ಮುಂಚೆ ಆಟೋ ಓಡಿಸುತ್ತಿದ್ದವರು. ಬಾಡಿಗೆ ನಿಂತಮೇಲೆ ಆಟೋದ ಹಿಂದಿನ ಸೀಟಿಗೇ ಗೋಣಿತಾಟು ಹಾಸಿ, ಮೆಂತ್ಯ, ಸಬ್ಬಸಿಗೆ ಕಟ್ಟು ಜೋಡಿಸಿಕೊಂಡು ಬರುತ್ತಿದ್ದರು. ಕೂಗುವುದಕ್ಕೆ ನಾಚಿಕೆ, ಹಾರ್ನ್ ಒತ್ತಿ ಸುಮ್ಮನೆ ನಿಲ್ಲುತ್ತಿದ್ದರು. ಮೂರು ಕಟ್ಟಿಗೆ ಕೇಳಿದ ದುಡ್ಡಿನಲ್ಲಿ ನಾಲ್ಕು ಕೊಡಿ ಎಂದು ನಮ್ಮ ಮಹಡಿಯಿಂದಲೇ ಗದರುವವರೂ ಇದ್ದರು. ಅವರೂ ಸರಳವಾಗಿ ಬದುಕುತ್ತಿದ್ದೇವೆಂದೇ ತಿಳಿದಿದ್ದರು.

ಖರ್ಚು ತಗ್ಗಿಸುವ ಮನಸ್ಸಿದ್ದರೆ ಹೋಟೆಲಿನ ಆರ್ಡರು ಬಿಡಿ, ಮೂರನೆಯ ಜೊತೆ ಚಪ್ಪಲಿ ಬಿಡಿ, ಫ್ರಿಜ್ಜಿನಲ್ಲಿ ಕೊಳೆಸುವುದಕ್ಕೆಂದೇ ತರುವ ಹಣ್ಣು ಬಿಡಿ. ಸೊಪ್ಪಿನವರ ಹತ್ತಿರ ಮಾತ್ರ ಚೌಕಾಸಿ ಮಾಡಬೇಡಿ.